ಸಿಸ್ಟರ್ ತಂದ ದೋಟಿ

ಸಿಸ್ಟರ್ ಅವರ ಮಣ್ಣಿಗೆಂದು ಬೇಲೂರಿಗೆ ಹೋಗಿದ್ದೆ. ಹಿಡಿ ಮಣ್ಣು ಹಾಕಿ, ಕೈ ತೊಳೆದು ಪಕ್ಕಕ್ಕೆ ನಿಂತಿದ್ದಾಗ ನಮ್ಮ ಹಳೆಯ ಡಾಕ್ಟರ ಕಾರು ಬಂತು. ಡ್ರೈವರ್ ಕೈಲಿ ದೊಡ್ಡದೊಂದು ಹಾರ. ಅದನ್ನು ಹಸಿ ಮಣ್ಣಿನ ಮೇಲೆ ಹಾಸಿಸಿದ ಡಾಕ್ಟರು ಸೇರಿದ್ದವರ ಕಡೆ ತಿರುಗಿ, "ಇವತ್ತು ನಮ್ಮ ಆಸ್ಪತ್ರೆ ಹೀಗೆ ಹೊಳೀತಾ ಇದೆ ಅಂದ್ರೆ ಅದು ಈ ತಾಯಿಯಿಂದ" ಎಂದರು. ಕರ್ಚೀಫನ್ನು ಕಣ್ಣಿಗೆ ಒತ್ತಿಕೊಂಡರು. ಜನ ತಲೆಯಾಡಿಸಿದರು. ನನಗೆ ಹೇಸಿಗೆಯಾಯಿತು. ಸಾವಿನ ಜಾಗದಲ್ಲಿ ಹಾಗೆಲ್ಲ ಆಗಬಾರದು, ಆದರೆ ಆಯಿತು. ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದರೂ, ಕಾಫಿ ಕುಡಿದರೂ ಬಾಯಿಯ ಕಹಿ ಹೋಗಲಿಲ್ಲ. ಆ ಮನುಷ್ಯ ಆಡಿದ ಮಾತೇ ಸಿಸ್ಟರ್ ಬಗ್ಗೆ ಕೊನೆಯ ಮಾತಾಗಿ ಉಳಿದುಬಿಟ್ಟರೆ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ಈಗ ಜಾವಗಲ್ಲಿನಲ್ಲಿ ನನ್ನದೇ ಔಷಧಿ ಅಂಗಡಿ ಇದೆ. ಅದಕ್ಕೆ ಮೊದಲು ಅರಸೀಕೆರೆಯಲ್ಲಿ ಆ ಡಾಕ್ಟರದೇ ಖಾಸಗಿ ಆಸ್ಪತ್ರೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಹತ್ತಿ, ಸಿರಿಂಜು, ಫಿನಾಯಿಲ್, ಪೊರಕೆ ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಅಲ್ಲಿ ಸಿಸ್ಟರ್ ಹೆಡ್ ನರ್ಸ್. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎದುರಿಗೆ ಎಲ್ಲರಿಗೂ ಸಿಸ್ಟರ್, ಬೆನ್ನ ಹಿಂದೆ 'ಥೂ ಸಿಸ್ಟರ್'. ಆ ಒಂದಕ್ಷರ ಅವರ ಬಾಯಲ್ಲಿ ಅಷ್ಟು ಸಲೀಸು. ಕುಳ್ಳಗಿನ ಗಟ್ಟಿ ಹೆಂಗಸು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮೂಗನ್ನು ಸ್ವಲ್ಪ ಮೇಲೆತ್ತಿ ವಾರ್ಡಿಗೆ ಬಂದರೆ ಯಾವ ಮಂಚದ ಕೆಳಗೆ ಏನು ಕೊಳೆಯುತ್ತಿದೆ ಎಂದು ಬಗ್ಗಿ ನೋಡದೆ ಹೇಳುತ್ತಿದ್ದರು. ನನ್ನನ್ನು ಸ್ಟೋರಪ್ಪ ಎಂದು ಕರೆಯುತ್ತಿದ್ದರು. ನನ್ನ ನಿಜವಾದ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ.

ಹೊಸಬರು ಅವರನ್ನು ತಪ್ಪು ತಿಳಿಯುತ್ತಿದ್ದರು. ಇಷ್ಟು ಹೇಸಿಕೊಳ್ಳುವ ಸ್ವಭಾವದವರು ನರ್ಸ್ ಕೆಲಸಕ್ಕೆ ಹೇಗೆ ಬಂದರು ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಒಮ್ಮೆ ಸಕ್ಕರೆ ಕಾಯಿಲೆಯ ಒಬ್ಬ ಮುದುಕರನ್ನು ಕರೆತಂದರು. ಕಾಲಿನ ಹುಣ್ಣಿಗೆ ಕಟ್ಟಿದ್ದ ಹಳೆ ಪಂಚೆಯ ಬಟ್ಟೆ ಬಿಚ್ಚಿದರೆ ಒಳಗೆ ಹುಳ ಮಿಜಿಮಿಜಿ ಎನ್ನುತ್ತಿತ್ತು. ನಾಯಿ ಸತ್ತ ವಾಸನೆ. ಹತ್ತಿಯ ಕಟ್ಟು ಕೊಡಲು ಹೋಗಿದ್ದ ನಾನು ಬಾಗಿಲಲ್ಲೇ ಗೋಡೆ ಹಿಡಿದು ನಿಂತೆ. ಮುದುಕರ ಸೊಸೆ, ಮಗ ಇಬ್ಬರೂ ಮೂಗಿಗೆ ಸೆರಗು, ಟವೆಲು ಮುಚ್ಚಿಕೊಂಡು ಆಚೆ ಹೋದರು. ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತು, ಇಕ್ಕಳದಲ್ಲಿ ಒಂದೊಂದೇ ಹುಳ ತೆಗೆದು ಬಟ್ಟಲಿಗೆ ಹಾಕುತ್ತ, "ನಿಮ್ಮ ಕಡೆ ಈ ಸಲ ಅವರೆಕಾಯಿ ಹೆಂಗೆ ತಾತ? ಸೊಗಡು ಐತಾ?" ಎಂದು ಮಾತಿಗೆಳೆದಿದ್ದರು. ತಾತನೂ ನೋವು ಮರೆತು ಅವರೆಕಾಯಿಯ ವಿಚಾರ ಹೇಳುತ್ತಿದ್ದರು.

ಅದೇ ಸಿಸ್ಟರ್, ಅವತ್ತೇ ಮಧ್ಯಾಹ್ನ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ದೊಡ್ಡ ಮನುಷ್ಯರೊಬ್ಬರು ಬಾಯಲ್ಲಿದ್ದ ಗುಟ್ಕಾವನ್ನು ವಾರ್ಡಿನ ಕಿಟಕಿಯಿಂದ ಆಚೆ ಉಗಿದದ್ದನ್ನು ಕಂಡು ನಡುಗಿಹೋದರು. ನಿಜವಾಗಿ ನಡುಗಿದರು. ಮುಖ ಬೆಳ್ಳಗಾಯಿತು. "ಥೂ! ಥೂ!" ಎಂದು ಕೂಗಿ ಆತನ ಮೊಣಕೈ ಹಿಡಿದು ಕಾರಿಡಾರಿಗೆ ಎಳೆದು ತಂದರು. ಆಮೇಲೆ ಸ್ಟೋರಿಗೆ ಬಂದು ಕೂತು ನೀರು ಕುಡಿದು ನನಗೆ ಹೇಳಿದರು: "ರೋಗಿ ಕಕ್ಕಿದ್ದು ರೋಗ ಕಣಪ್ಪ. ಇವನು ಉಗಿದಿದ್ದು ಕೊಬ್ಬು. ರೋಗಕ್ಕೆ ಔಷಧಿ ಐತೆ."

ಉಗುಳನ್ನು ಬೆರಳಿಗೆ ತಾಗಿಸಿಕೊಂಡು ಕೇಸ್‌ಶೀಟ್ ಮಗುಚುವ ಡಾಕ್ಟರು, ಮೂಗು ಸೀನಿ ಪರದೆಗೆ ಒರೆಸುವ ನೆಂಟರು, ತಿಂದ ಬಾಕ್ಸನ್ನು ಕಿಟಕಿಯಿಂದ ಕೈ ಚಾಚಿ ತೊಳೆಯುವವರು, ಸಿಸ್ಟರ್ ಹೇಸುತ್ತಿದ್ದದ್ದು ಇವರಿಗೆ. ಎಲ್ಲರೂ ಮೈ ತೊಳೆದುಕೊಂಡು, ಪೌಡರು ಹಾಕಿಕೊಂಡು ಬಂದವರೇ.

ಇದು ಎಲ್ಲಿಂದ ಬಂದಿತ್ತು ಅವರಿಗೆ ಎಂಬುದಕ್ಕೆ ಅವರೇ ಹೇಳಿದ ಒಂದು ಸಂಗತಿ ಇದೆ. ಅವರ ತಂದೆ ಬೇಲೂರು ತಾಲ್ಲೂಕಿನಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಬೌದ್ಧ ದೀಕ್ಷೆ ತೆಗೆದುಕೊಂಡವರು. ಮಗಳನ್ನು ಹಾಸನಕ್ಕೆ ನರ್ಸಿಂಗ್ ಓದಲು ಕಳಿಸಿದ್ದರು. ಅಲ್ಲಿ ಇವರು ಬಾಡಿಗೆಗಿದ್ದ ರೂಮಿನ ಮನೆಯಾಕೆಯ ಅತ್ತೆ ಹಾಸಿಗೆ ಹಿಡಿದಿದ್ದರು. ಮನೆಯಾಕೆ ಕೇಳಿಕೊಂಡರೆಂದು ಇವರು ದಿನಾ ಹೋಗಿ ಮುದುಕಿಯ ಮೈ ಒರೆಸಿ, ಹಾಸಿಗೆ ಬದಲಿಸಿ ಬರುತ್ತಿದ್ದರು.

"ಅವರತ್ತೆ ಮಾಡಿಕೊಂಡಿದ್ದನ್ನೆಲ್ಲ ಬಳಿದು, ಸೋಪು ಹಾಕಿ ನೆಲ ಒರೆಸಿ ಬಂದಿರ್ತಿದ್ದೆ. ನಾನು ಹೊಸ್ತಿಲು ದಾಟಿದ ಮೇಲೆ ಆಯಮ್ಮ ನಾನು ನಿಂತಿದ್ದ ಜಾಗಕ್ಕೆ ಚೊಂಬಿಂದ ನೀರು ಹಾಕೋಳು. ಹೇಲಿಗೆ ಹೇಸಲಿಲ್ಲ ಕಣಪ್ಪ, ನಂಗೆ ಹೇಸಿದ್ಲು." ಇದನ್ನು ಅವರು ಟೀ ಕುಡಿಯುತ್ತ, ನಗುನಗುತ್ತ ಹೇಳಿದರು. ಕೇಳುತ್ತಿದ್ದ ನಮ್ಮ ಯಾರಿಗೂ ನಗು ಬರಲಿಲ್ಲ.

ಇನ್ನು ಗಾಜಿನ ವಿಚಾರಕ್ಕೆ ಬರುತ್ತೇನೆ. ನಮ್ಮ ಆಸ್ಪತ್ರೆಗೆ ಮೂರು ಅಂತಸ್ತು, ಮುಂಭಾಗವೆಲ್ಲ ನೀಲಿ ಗಾಜು. ಕಟ್ಟಿಸಿದಾಗ ಊರಿಗೇ ಚೆಂದ ಎನ್ನುತ್ತಿದ್ದರು. ಆದರೆ ಹೊರಗಿನಿಂದ ಅದನ್ನು ತೊಳೆಯುವುದು ಹೇಗೆ ಎಂದು ಕಟ್ಟಿಸಿದವರು ಯೋಚಿಸಿರಲಿಲ್ಲ. ವರ್ಷಗಟ್ಟಲೆ ತೊಳೆಯದೆ ಬಿಟ್ಟದ್ದು ಹೇಗಿತ್ತು ಎಂದರೆ, ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಪಾರಿವಾಳದ ಹಿಕ್ಕೆ ಬಿಳಿ ಬಳಪದ ಗೆರೆಗಳಂತೆ ಇಳಿದು ಒಣಗಿತ್ತು. ಅದರ ಮೇಲೆ ಗುಟ್ಕಾದ ಕೆಂಪು. ಅದರ ಮೇಲೆ ಸಾರು, ಮಜ್ಜಿಗೆ, ಯಾರೋ ಕಕ್ಕಿದ್ದು. ಕಿಟಕಿಗಳ ಕೆಳಗಿನ ಸಜ್ಜೆಯ ಮೇಲೆ ಊಟದ ಪೊಟ್ಟಣ, ಮಗುವಿನ ಡೈಪರು, ಹೆಂಗಸರು ಸುತ್ತಿ ಎಸೆದದ್ದು, ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಮತ್ತೆ ನೆನೆದು ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿತ್ತು. ಒಳಗಿನಿಂದ ನೋಡಿದರೆ ಬಿಸಿಲು ಆ ಕೆಂಪು, ಹಳದಿಯ ಮೂಲಕ ರೋಗಿಯ ಹಾಸಿಗೆಯ ಮೇಲೆ ಬೀಳುತ್ತಿತ್ತು. ಬಾಣಂತಿಯರು ಪರದೆ ಎಳೆದುಕೊಂಡು ಮಲಗುತ್ತಿದ್ದರು.

ಸಿಸ್ಟರ್ ಎಷ್ಟೋ ಸಲ ಹೇಳಿದರೂ ಆಗದ್ದು ಡಾಕ್ಟರ ಒಬ್ಬ ನೆಂಟರ ಮಾತಿನಿಂದ ಆಯಿತು. ರಸ್ತೆಯ ಆಚೆ ನಿಂತು ಅವರು ಡಾಕ್ಟರನ್ನು, "ಏನ್ರೀ, ಗಾಜಿಗೂ ಎಲೆ ಅಡಿಕೆ ಹಾಕಿಸಿದ್ದೀರಾ?" ಎಂದು ಕೇಳಿದರಂತೆ. ಮಾರನೆಯ ಬೆಳಿಗ್ಗೆ ಡಾಕ್ಟರು ಸಿಸ್ಟರನ್ನೂ ನನ್ನನ್ನೂ ರೂಮಿಗೆ ಕರೆಸಿದರು.

"ಆ ಕಾಲೋನಿ ಹುಡುಗರನ್ನ ಕರೆಸೋಣ ಸಿಸ್ಟರ್. ಸೊಂಟಕ್ಕೆ ಹಗ್ಗ ಕಟ್ಟಿ ಟೆರೇಸಿಂದ ಇಳಿಬಿಟ್ರೆ ಒಂದು ದಿನದ ಕೆಲಸ."

"ಯಾವ ಕಾಲೋನಿ ಡಾಕ್ಟ್ರೇ?"

"ಅದೇ, ನಿಮ್ಮ..." ಎಂದು ಶುರುಮಾಡಿದವರು ನುಂಗಿಕೊಂಡರು. "ಅಂದ್ರೆ, ಅವರಿಗೆ ಇವೆಲ್ಲ ಅಭ್ಯಾಸ ಇರುತ್ತೆ. ಅಸಹ್ಯ ಪಟ್ಟುಕೊಳ್ಳಲ್ಲ."

ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಅಸಹ್ಯ ಎಲ್ಲರಿಗೂ ಆಗುತ್ತೆ ಡಾಕ್ಟ್ರೇ. ಹೇಳಿಕೊಳ್ಳೋಕೆ ಬಿಟ್ಟಿಲ್ಲ ಅಷ್ಟೆ. ಹೋದ ವರ್ಷ ಇದೇ ಸಜ್ಜೆಯಿಂದ ಪೇಂಟರ್ ಬಿದ್ದಾಗ ಸೊಂಟದ ಮೂಳೆ ನೋಡಿದ್ದು ನೀವೇ, ಮರೆತುಬಿಟ್ರಾ? ಇನ್ನೊಬ್ಬ ಮನುಷ್ಯ ಇಲ್ಲಿ ಹಗ್ಗದಲ್ಲಿ ನೇತಾಡಿದ್ರೆ ನಾನು ಅವತ್ತೇ ಮನೆಗೆ ಹೋಗ್ತೀನಿ."

"ಮತ್ತೆ ಹೆಂಗೆ ತೊಳೆಸ್ತೀರಿ?"

"ನೆಲದ ಮೇಲೆ ನಿಂತು ತೊಳೆಯೋದು ಬಂದೈತೆ."

ತಮ್ಮನ ಮಗಳ ನಿಶ್ಚಿತಾರ್ಥಕ್ಕೆ ಹಳೇಬೀಡಿನ ರಸ್ತೆಯ ಒಂದು ರೆಸಾರ್ಟಿಗೆ ಹೋಗಿದ್ದಾಗ ಅವರು ಅದನ್ನು ನೋಡಿದ್ದರು. ಹುಲ್ಲಿನ ಮೇಲೆ ನಿಂತ ಒಬ್ಬ ಆಳು ಉದ್ದನೆಯ ಕೋಲಿನಿಂದ ಮಹಡಿಯ ಗಾಜು ಉಜ್ಜುತ್ತಿದ್ದನಂತೆ. ತೆಂಗಿನಕಾಯಿ ಕೀಳುವ ದೋಟಿಯ ಹಾಗೆ. ತುದಿಯಲ್ಲಿ ಕುಡುಗೋಲಿನ ಬದಲು ಬ್ರಷ್ಷು, ಆ ಬ್ರಷ್ಷಿನಿಂದಲೇ ನೀರು. ಊಟಕ್ಕೆ ಕರೆದರೂ ಹೋಗದೆ ಸಿಸ್ಟರ್ ಅಲ್ಲೇ ನಿಂತಿದ್ದರಂತೆ.

ಡಾಕ್ಟರು ಒಪ್ಪಿದರು. ನಾವು ಮೂರು ಜನ ಹೊರಟೆವು. ಸಿಸ್ಟರ್, ನಾನು, ಮತ್ತೆ ರತ್ನಮ್ಮ. ರತ್ನಮ್ಮ ನಮ್ಮಲ್ಲಿ ಗುಡಿಸಿ ಒರೆಸುವ ಕೆಲಸದವಳು. "ಹಿಡಿಯೋಳು ಅವಳು. ಅವಳ ತೋಳನ್ನ ಇಲ್ಲೇ ಬಿಟ್ಟು ಹೋಗಿ ನಾನೇನು ಆರಿಸ್ಲಿ?" ಎಂದು ಸಿಸ್ಟರ್ ಅವಳನ್ನು ಹೊರಡಿಸಿದ್ದರು. ಮೊದಲು ಹಳೇಬೀಡಿನ ಆ ರೆಸಾರ್ಟಿಗೆ ಹೋಗಿ ಅಲ್ಲಿನ ಆಳನ್ನು ಮಾತಾಡಿಸಿದೆವು. ಆತ ಹಿಂಭಾಗದ ಒಂದು ಗಾಜು ತೋರಿಸಿದ. ಅಕ್ಕಿಹಿಟ್ಟು ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. "ಬೋರ್ ನೀರಲ್ಲಿ ತೊಳೆದಿದ್ದು ಇದು. ಕೋಲು ಯಾವ್ದಾರ ತಗಳಿ ಅಮ್ಮ, ನೀರು ಸರಿಯಿಲ್ದಿದ್ರೆ ಕೊಳೆ ಹೋಗಿ ಸುಣ್ಣ ಬತ್ತದೆ" ಎಂದ.

ಅಲ್ಲಿಂದ ಹಾಸನದ ಅಂಗಡಿ. ಟೈ ಕಟ್ಟಿದ ಮಾರಾಟದವನು ಮೊದಲು ಎಲ್ಲಕ್ಕಿಂತ ಉದ್ದದ ಕೋಲನ್ನೇ ತೆಗೆದ. ಕರಿ ಬಣ್ಣದ್ದು, ಕಾರ್ಬನ್ನಿನದು, ಹೂವಿನಷ್ಟು ಹಗುರ ಎಂದ. ಎಷ್ಟು ಹೊಳೆಯುತ್ತದೆ ತೋರಿಸುತ್ತೇನೆಂದು ಅಲ್ಲಿದ್ದ ಗಾಜಿನ ಕಲೆಗೆ ಬೆರಳಲ್ಲಿ ಎಂಜಲು ಹಚ್ಚಿ ಉಜ್ಜಿದ.

"ಥೂ! ಮೊದಲು ಅದನ್ನ ತೊಳಿ. ಕೈನೂ ತೊಳ್ಕೊಂಡು ಬಾ. ಆಮೇಲೆ ಮಾತು."

ಆತ ಕೈ ತೊಳೆದು ಬಂದ ಮೇಲೆ ಸಿಸ್ಟರ್ ಆ ಉದ್ದನೆಯ ಕೋಲನ್ನು ಪೂರ್ತಿ ಬಿಡಿಸಿ, ನೀರಿನ ಪೈಪು ಸಿಕ್ಕಿಸಿ, ಎದುರಿನ ಕಟ್ಟಡದ ಗಾಜಿಗೆ ಆನಿಸಿ ಹಿಡಿಯಲು ಹೇಳಿದರು. ಹೂವಿನ ಭಾರ ಸ್ವಲ್ಪ ಹೊತ್ತಿಗೇ ಗೊತ್ತಾಯಿತು. ತುದಿ ಮೀನಿನ ಗಾಳದ ಹಾಗೆ ಬಾಗಿ ಅತ್ತಿತ್ತ ಓಲಾಡಿತು. ಆತನ ತೋಳು ನಡುಗಿ, ಟೈ ಹೆಗಲಿಗೇರಿತು. ರತ್ನಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು.

"ಉದ್ದ ಇದ್ದಷ್ಟೂ ಒಳ್ಳೇದಲ್ವಾ ಮೇಡಂ? ಮುಂದೆ ಬೇಕಾಗುತ್ತೆ" ಎಂದು ಆತ ಏದುಸಿರಲ್ಲೇ ಅಂದ.

"ಮುಂದೆ ಬೇಕಾದಾಗ ಮುಂದಕ್ಕೆ ತಗೋತೀವಿ. ಕಲಿಯೋಳಿಗೆ ಮೊದಲು ಕೈಗೆ ಹತ್ತೋದು ಕೊಡು."

ಆಮೇಲೆ ಅಗ್ಗದ್ದೆಂದು ಅಲ್ಯೂಮಿನಿಯಂ ಕೋಲು ತೆಗೆದ. ಆಸ್ಪತ್ರೆಯ ಬಲಮೂಲೆಗೆ ಕರೆಂಟಿನ ತಂತಿ ಹಾದುಹೋಗುತ್ತದೆ, ಇದು ತಗುಲಿದರೇನು ಗತಿ ಎಂದು ಸಿಸ್ಟರ್ ಕೇಳಿದರು.

"ಹುಷಾರಾಗಿ ಹಿಡಿದ್ರೆ ಏನೂ ಆಗಲ್ಲ ಮೇಡಂ."

"ಹುಷಾರಾಗೇ ಇದ್ವಿ ಅನ್ನೋರೇ ನಮ್ಮಲ್ಲಿ ಮಂಚದ ಮೇಲೆ ಮಲಗಿರೋದು ಕಣಪ್ಪ."

ಕೊನೆಗೆ ಫೈಬರಿನ ಒಂದು ಕೋಲನ್ನು ಆರಿಸಿದರು. ಎರಡನೆಯ ಅಂತಸ್ತು ಮುಟ್ಟುವಷ್ಟು ಉದ್ದ. ಮೂರನೆಯದಕ್ಕೆ ರತ್ನಮ್ಮನ ಕೈ ಪಳಗಿದ ಮೇಲೆ ಇನ್ನೊಂದು ತುಂಡು ಸೇರಿಸಿದರಾಯಿತು. ಫೈಬರ್ ಆದರೇನು, ನೀರು ಹರಿಯುವ ಕೋಲನ್ನು ತಂತಿಯ ಹತ್ತಿರಕ್ಕೂ ಒಯ್ಯಬಾರದು, ಆ ಮೂಲೆಯ ಕಿಟಕಿಗಳನ್ನು ಒಳಗಿನಿಂದಲೇ ಒರೆಸಬೇಕು ಎಂದು ಅಂಗಡಿಯಲ್ಲೇ ರತ್ನಮ್ಮನ ಬಾಯಲ್ಲೇ ಎರಡು ಸಲ ಹೇಳಿಸಿ ಒಪ್ಪಿಸಿಕೊಂಡರು. ಒಂದರೊಳಗೊಂದು ಸೇರುವ ತುಂಡುಗಳನ್ನು ಬಿಗಿಯುವ ಹಿಡಿಕೆಗಳನ್ನೆಲ್ಲ ತಾವೇ ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಬೆರಳು ಕಚ್ಚಿದ್ದನ್ನು ವಾಪಸ್ ಕೊಟ್ಟು ಬೇರೆ ತೆಗೆಸಿದರು. ಬ್ರಷ್ಷಿನ ಎಳೆಯನ್ನು ಕೆನ್ನೆಗೆ ಉಜ್ಜಿ ನೋಡಿಕೊಂಡರು. ಪೈಪಾಯಿತು. ನೀರನ್ನು ಸೋಸುವ ಫಿಲ್ಟರ್ ಡಬ್ಬವನ್ನೂ ಪಕ್ಕಕ್ಕಿಡಿಸಿ ಡಾಕ್ಟರಿಗೆ ನನ್ನ ಕೈಲಿ ಫೋನ್ ಮಾಡಿಸಿದರು.

"ನೀರಿಗೊಂದು ಡಬ್ಬ ಯಾಕ್ರೀ? ಬೋರಲ್ಲಿ ನೀರು ಬರ್ತಿಲ್ವಾ?" ಎಂದು ಡಾಕ್ಟರು ಫೋನಿಟ್ಟರು. ಡಬ್ಬ ಅಂಗಡಿಯಲ್ಲೇ ಉಳಿಯಿತು.

ಮೊದಲ ಸಲ ತೊಳೆದ ದಿನ ಅರ್ಧ ರಸ್ತೆಯೇ ನೋಡಲು ನಿಂತಿತ್ತು. ಮುಂಡಾಸಿನ ಹಾಗೆ ಟವೆಲು ಸುತ್ತಿಕೊಂಡ ರತ್ನಮ್ಮ ದೋಟಿ ಎತ್ತಿ ಉಜ್ಜತೊಡಗಿದಳು. ಮೇಲಿಂದ ಇಳಿದದ್ದನ್ನು ನೀರು ಎನ್ನುವುದಕ್ಕಾಗದು. ಕಾಫಿ ಬಣ್ಣದ, ಎಳೆಎಳೆಯಾದ ಲೋಳೆ. ಒಣಗಿದ್ದೆಲ್ಲ ನೆನೆದು ಜೀವ ಬಂದ ಹಾಗೆ ನಾರಿತು. ಮುಂದೆ ನಿಂತಿದ್ದವರು ಹಿಂದಕ್ಕೆ ಸರಿದರು. ಸಜ್ಜೆಯ ಮುದ್ದೆ ಬ್ರಷ್ಷಿಗೆ ಸಿಕ್ಕಿ ಧೊಪ್ಪನೆ ಕೆಳಗೆ ಬಿದ್ದಾಗ ಒಬ್ಬಾತ ಚರಂಡಿಯ ಬಳಿ ಹೋಗಿ ವಾಂತಿ ಮಾಡಿಕೊಂಡ. ಸಿಸ್ಟರ್ ಅವನಿಗೆ ನೀರು ಕೊಡಿಸಿ, "ಇದು ನೀವೇ ಹಾಕಿದ್ದು. ಮೇಲಿತ್ತು, ಕಾಣ್ತಿರಲಿಲ್ಲ" ಎಂದರು. ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಸಮಾಧಾನವಿತ್ತು. ಹೆರಿಗೆ ವಾರ್ಡಿನ ಬಾಣಂತಿಯೊಬ್ಬಳು ಪರದೆ ಸರಿಸಿ, ಮಗುವನ್ನೆತ್ತಿ ಆಚೆ ತೋರಿಸುತ್ತಿದ್ದಳು.

ಗಾಜು ಒಣಗಿತು. ರೆಸಾರ್ಟಿನವನು ಹೇಳಿದ ಹಾಗೇ ಆಯಿತು. ನಮ್ಮ ಬೋರಿನ ನೀರಿನ ಗಡಸು ಬಿಳಿ ಚುಕ್ಕೆಗಳಾಗಿ ಗಾಜಿನ ಮೇಲೆ ಕೂತಿತು. ಡಾಕ್ಟರು ಸಿಡಿದು ಅಂಗಡಿಯವನಿಗೆ ಫೋನ್ ಹಚ್ಚಿದರು, ಸ್ಪೀಕರಿನಲ್ಲಿ. "ನಾನು ಅವತ್ತೇ ಫಿಲ್ಟರ್ ಹೇಳಿದ್ದೆ ಸರ್. ನೀರು ಪ್ಯೂರ್ ಇರಬೇಕು. ಡಯಾಲಿಸಿಸ್‌ಗೆ ಬಳಸ್ತೀರಲ್ಲ, ಆ ಥರ" ಎಂದ ಆತ.

ಡಾಕ್ಟರ ಹುಬ್ಬು ಮೇಲೇರಿತು. ನಾನು ನೋಡಿದೆ. ಸಿಸ್ಟರೂ ನೋಡಿದರು.

"ಆ ಮಾತು ಇಲ್ಲಿಗೇ ಬಿಡಿ ಡಾಕ್ಟ್ರೇ. ಡಬ್ಬ ತರಿಸಿ."

"ನಾನೇನು ಅಂದೆ? ಏನೂ ಅನ್ನಲಿಲ್ಲವಲ್ಲ" ಎಂದು ನಕ್ಕರು. ಡಬ್ಬ ಬರಲೇ ಇಲ್ಲ.

ಡಯಾಲಿಸಿಸ್ ನೀರಿನ ವಿಚಾರ ಇಲ್ಲಿ ಹೇಳಬೇಕು. ಕಿಡ್ನಿ ಕೆಟ್ಟವರ ರಕ್ತವನ್ನು ಮಿಷನ್ನಿಗೆ ಹಾಯಿಸಿ ಸೋಸಿ ವಾಪಸ್ ಕೊಡುತ್ತಾರೆ. ಅದಕ್ಕೆ ಬಹಳ ಶುದ್ಧವಾದ ನೀರು, ಅದೂ ತುಂಬಾ ಬೇಕು. ನಮ್ಮಲ್ಲಿ ಟೆರೇಸಿನ ಮೇಲಿದ್ದ ಯಂತ್ರ ಬೋರಿನ ನೀರನ್ನು ನಿಧಾನಕ್ಕೆ ಸೋಸಿ ಒಂದು ಟ್ಯಾಂಕಿಗೆ ತುಂಬುತ್ತಿತ್ತು. ಬೇಸಿಗೆಯಲ್ಲಿ ಬೋರು ಸೊರಗಿದಾಗ ಆ ಟ್ಯಾಂಕು ಅವತ್ತಿನ ರೋಗಿಗಳಿಗೆ ಸಾಕಾದರೆ ಅದೇ ಪುಣ್ಯ. ಅದನ್ನು ನೋಡಿಕೊಳ್ಳುತ್ತಿದ್ದವನು ಟೆಕ್ನಿಷಿಯನ್ ಮಂಜುನಾಥ.

ಆ ಬೇಸಿಗೆಯಲ್ಲೇ ಆಸ್ಪತ್ರೆಗೆ ಹೊಸ ಆಂಬುಲೆನ್ಸ್ ಬಂತು. ಉದ್ಘಾಟನೆಗೆ ದೊಡ್ಡವರೊಬ್ಬರು ಬರುತ್ತಾರೆಂದು ಗೊತ್ತಾಯಿತು. ಅವತ್ತು ಬೆಳಿಗ್ಗೆಯೇ ಆಂಬುಲೆನ್ಸಿಗೆ ಸೇವಂತಿಗೆ ಹಾರ, ಬಾಗಿಲಿಗೆ ಅಡ್ಡ ಕೆಂಪು ಟೇಪು. ಅಂಗಳಕ್ಕೆ ಶಾಮಿಯಾನ. ಡಯಾಲಿಸಿಸ್ ರೂಮಿನಲ್ಲಿ ಬೆಳಗಿನ ಪಾಳಿಯ ಮಿಕ್ಕವರದು ಮುಗಿಯುತ್ತ ಬಂದಿತ್ತು. ತಡವಾಗಿ ಬಂದ ಕಣಕಟ್ಟೆಯ ಸಿದ್ದಪ್ಪನವರದು ಆಗಷ್ಟೇ ಶುರುವಾಗಿತ್ತು. ಅವರು ಕೊಬ್ಬರಿ ವ್ಯಾಪಾರಿ, ಬಾಯಿ ತುಂಬ ಮಾತು. ಹಿಂದಿನ ಸಲದ್ದನ್ನು ಯಾರದೋ ಮದುವೆಗೆಂದು ತಪ್ಪಿಸಿಕೊಂಡಿದ್ದರು. ಕಾಲು ಬಾತು ಕಂಬವಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಒರಗಿ ಕೂತಿದ್ದರು.

ಸ್ವಲ್ಪ ಹೊತ್ತಿಗೆ ಮಿಷನ್ನು ಕೂಗತೊಡಗಿತು. ನೀರು ಬರುತ್ತಿರಲಿಲ್ಲ. ನಾನು ಅಲ್ಲಿಗೆ ಗ್ಲೌಸ್ ಕೊಡಲು ಹೋಗಿದ್ದೆ. ಮಂಜುನಾಥ ಟೆರೇಸಿಗೆ ಓಡಿದ, ಅವನ ಹಿಂದೆ ಸಿಸ್ಟರ್, ಅವರ ಹಿಂದೆ ನಾನು. ಟ್ಯಾಂಕಿನ ತಳ ಕಾಣುತ್ತಿತ್ತು. ಅದರ ಪೈಪಿಗೆ ಇನ್ನೊಂದು ಪೈಪು ಸಿಕ್ಕಿಸಿ, ಪ್ಯಾರಾಪೆಟ್ ದಾಟಿಸಿ ಕೆಳಕ್ಕೆ ಇಳಿಬಿಟ್ಟಿದ್ದರು. ಬಗ್ಗಿ ನೋಡಿದರೆ ಕೆಳಗೆ ಅಂಗಳದಲ್ಲಿ ರತ್ನಮ್ಮ ದೋಟಿ ಎತ್ತಿ ಗಾಜು ತೊಳೆಯುತ್ತಿದ್ದಳು. ಗಾಜು ಕೆರೆಯ ನೀರಿನ ಹಾಗೆ ಹೊಳೆಯುತ್ತಿತ್ತು.

ಸಿಸ್ಟರ್ ಟ್ಯಾಂಕಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದರು. ಮತ್ತೆ ಯಾರೂ ಸಿಕ್ಕಿಸಬಾರದೆಂದು ಕೋಟಿನ ಜೇಬಿನಿಂದ ಡ್ರೆಸ್ಸಿಂಗ್ ಕತ್ತರಿ ತೆಗೆದು ಆ ಪೈಪನ್ನು ಕಚಕಚನೆ ತುಂಡು ಮಾಡಿದರು. ಕೆಳಗೆ ಬಂದಾಗ ರತ್ನಮ್ಮ ಗಾಬರಿಯಾಗಿ ನಿಂತಿದ್ದಳು.

"ಡಾಕ್ಟ್ರೇ ಹೇಳವ್ರೆ ಸಿಸ್ಟ್ರೇ. ಈ ನೀರಾದ್ರೆ ಬಿಳಿ ಕಲೆ ಬೀಳಕಿಲ್ವಂತೆ. ಎಲ್ಲಿಂದ ಬತ್ತದೆ ಅಂತ ನಂಗೇನ್ ಗೊತ್ತು?"

"ನಿಂದೇನೂ ಇಲ್ಲ. ದೋಟಿ ಕೆಳಗಿಡು" ಎಂದು ಅವಳ ಬೆನ್ನು ಮುಟ್ಟಿ ಮೇಲೆ ಬಂದರು.

ಅಷ್ಟರಲ್ಲಿ ಡಾಕ್ಟರೂ ಡಯಾಲಿಸಿಸ್ ರೂಮಿಗೆ ಬಂದಿದ್ದರು. ಹೊಸ ಕೋಟು, ಎದೆಗೆ ಗುಲಾಬಿ. ಮಂಜುನಾಥ ಸಿದ್ದಪ್ಪನವರ ರಕ್ತವನ್ನು ವಾಪಸ್ ಮೈಗೆ ಬಿಟ್ಟು ಸೂಜಿ ತೆಗೆಯುತ್ತಿದ್ದ. ಅವರ ತುಟಿ ನೀಲಿಯಾಗಿತ್ತು.

"ಟ್ಯಾಂಕ್ ತುಂಬಿದ ಮೇಲೆ ಮುಂದುವರಿಸಿದ್ರಾಯ್ತು ಸಿಸ್ಟರ್. ಇಷ್ಟಕ್ಕೆಲ್ಲ ಗಲಾಟೆ ಯಾಕೆ? ಅವರು ಬರೋ ಹೊತ್ತು."

"ಟ್ಯಾಂಕ್ ತುಂಬೋದು ಸಾಯಂಕಾಲಕ್ಕೆ. ಇವರ ಉಸಿರು ನೋಡಿ ಡಾಕ್ಟ್ರೇ. ನೀವೂ ಓದಿದ್ದೀರಲ್ಲ."

ಡಾಕ್ಟರು ದನಿ ತಗ್ಗಿಸಿದರು. "ಬರೋರು ನೋಡೋದು ಗಾಜನ್ನ ಸಿಸ್ಟರ್, ಟ್ಯಾಂಕನ್ನಲ್ಲ."

ಅವರು 'ಥೂ' ಎನ್ನುತ್ತಾರೆಂದು ನಾನು ಕಾದೆ. ಅನ್ನಲಿಲ್ಲ. ಮೂಲೆಯ ಸಿಂಕಿಗೆ ಹೋಗಿ, ತೋಳು ಮೇಲೆತ್ತಿ, ಸೋಪು ಹಚ್ಚಿ, ಆಪರೇಷನ್ನಿಗೆ ಮೊದಲು ತೊಳೆಯುವ ಹಾಗೆ ಬೆರಳ ಸಂದಿಯಿಂದ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದರು.

"ಏನು ಮಾಡ್ತಿದ್ದೀರಿ?" ಎಂದರು ಡಾಕ್ಟರು.

"ನಿಮ್ಮ ಪಕ್ಕ ನಿಂತಿದ್ದೆನಲ್ಲ, ಅದಕ್ಕೆ."

ಸಿದ್ದಪ್ಪನವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನಾನೂ ಸಿಸ್ಟರೂ ಅಂಗಳಕ್ಕೆ ತಂದೆವು. ಹಳೆಯ ಆಂಬುಲೆನ್ಸ್ ರಿಪೇರಿಗೆ ಹೋಗಿತ್ತು. ಸಿಸ್ಟರ್ ನೇರ ಹೊಸದರ ಹತ್ತಿರ ಹೋಗಿ, ಅದೇ ಕತ್ತರಿಯಿಂದ ಕೆಂಪು ಟೇಪು ಕತ್ತರಿಸಿ ಬಾಗಿಲು ತೆಗೆದರು. ಡ್ರೈವರ್ ಡಾಕ್ಟರ ಮುಖ ನೋಡಿದ. "ನನ್ನ ಮುಖ ನೋಡಪ್ಪ. ಹಾಸನಕ್ಕೆ" ಎಂದರು ಸಿಸ್ಟರ್. ಅವರೂ ಹತ್ತಿದರು, ಗಾಡಿ ಹೊರಟಿತು. ಆಮ್ಲಜನಕದ ಮಾಸ್ಕಿನ ಒಳಗಿನಿಂದಲೇ ಸಿದ್ದಪ್ಪನವರು, "ಉದ್ಘಾಟ್ನೆ ನಂದೇ ಆತಲ್ಲ ಸಿಸ್ಟ್ರೇ, ತೆಂಗಿನ್ಕಾಯ್ ಹೊಡಿಬೇಕಿತ್ತು" ಎಂದರಂತೆ. "ಮಾತಾಡಬೇಡಿ, ಉಸಿರಾಡಿ" ಎಂದು ಇವರು ಗದರಿದರಂತೆ.

ದೊಡ್ಡವರು ಬಂದರು. ಆಂಬುಲೆನ್ಸ್ ಇಲ್ಲದ ಕಾರಣ ಆಸ್ಪತ್ರೆಯ ಬಾಗಿಲಿಗೇ ಟೇಪು ಕಟ್ಟಿ ಕತ್ತರಿಸಿದರು. ಗಾಜನ್ನು ತಲೆಯೆತ್ತಿ ನೋಡಿದರೋ ಇಲ್ಲವೋ ಗೊತ್ತಿಲ್ಲ, ಫೋನಿನಲ್ಲೇ ಇದ್ದರು. ಅವರ ಜೊತೆ ಬಂದವರಲ್ಲೊಬ್ಬ ಮೇಲಿನ ಕಾರಿಡಾರಿನ ಕಿಟಕಿ ತೆರೆದು, ಬಗ್ಗಿ, ನಿಧಾನವಾಗಿ, ಬಾಯಿ ತುಂಬ ಕೆಂಪನ್ನು ಆ ಹೊಳೆಯುವ ಗಾಜಿನ ಮೇಲೆ ಇಳಿಬಿಟ್ಟ. ಸಿದ್ದಪ್ಪನವರ ಪಾಲಿನ ನೀರಿನಲ್ಲಿ ತೊಳೆದ ಗಾಜು. ಡಾಕ್ಟರು ನೋಡಿದರು. ನೋಡಿಯೂ ಕೈಮುಗಿದುಕೊಂಡು ನಗುತ್ತಲೇ ಇದ್ದರು. ಆ ನಗು ಇದೆಯಲ್ಲ, ಹುಳ ಬಿದ್ದ ಆ ಕಾಲಿನ ಎದುರು ನಿಂತಾಗಲೂ ನನಗೆ ಅಷ್ಟು ಓಕರಿಕೆ ಬಂದಿರಲಿಲ್ಲ.

ಸಿದ್ದಪ್ಪನವರು ಹಾಸನದಲ್ಲಿ ಬದುಕಿಕೊಂಡರು. ಡಯಾಲಿಸಿಸ್ಸಿಗೆ ಅಲ್ಲಿಗೇ ಹೋಗತೊಡಗಿದರು, ಈಗಲೂ ಹೋಗುತ್ತಾರೆ. ಸಿಸ್ಟರ್ ವಾಪಸ್ ಬರಲಿಲ್ಲ. ಬೇಲೂರಿನ ಮನೆ ಸೇರಿಕೊಂಡು ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಹುಣ್ಣು ತೊಳೆದು ಕಟ್ಟುವ ಕೆಲಸ ಹಿಡಿದರು. ಅರೇಹಳ್ಳಿಯ ಕಡೆಯ ತೋಟದ ಕೂಲಿಯವರ ಲೈನ್ ಮನೆಗಳಿಗೂ ಬಸ್ಸಿನಲ್ಲಿ ಹೋಗುತ್ತಿದ್ದರಂತೆ.

ಅವರಿಲ್ಲದೆ ಆಸ್ಪತ್ರೆ ನಡೆಯದು ಎಂಬುದು ಡಾಕ್ಟರಿಗೆ ಬೇಗ ಗೊತ್ತಾಯಿತು. ಒಂದು ದೊಡ್ಡ ಬುಟ್ಟಿ ಹಣ್ಣು ಕಟ್ಟಿಸಿ, ನಡೆದದ್ದು ನಡೆದುಹೋಯಿತು, ಬರಲಿ ಎಂದು ಹೇಳಲು ನನ್ನನ್ನೇ ಬೇಲೂರಿಗೆ ಕಳಿಸಿದರು. ಕೆರೆಯ ಕಡೆಯ ಓಣಿಯಲ್ಲಿ ಚಿಕ್ಕ ಮನೆ. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಸಿಸ್ಟರ್ ಕಾಫಿ ಕೊಟ್ಟು ಎದುರಿಗೆ ಕೂತರು. ಸ್ವಲ್ಪ ಇಳಿದುಹೋಗಿದ್ದರು.

"ಪೈಪು?" ಎಂದರು.

"ಈಗ ಪೈಪಿಲ್ಲ ಸಿಸ್ಟರ್. ಪ್ಲಂಬರನ್ನ ಕರೆಸಿ ಟ್ಯಾಂಕಿನ ಪೈಪಿಗೇ ನಲ್ಲಿ ಹಾಕಿಸಿದ್ದಾರೆ. ಗಾಜು ತೊಳೆಯೋದಕ್ಕೆ ಅಂತ."

ಅವರು ಕಾಫಿ ಲೋಟದ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದರು. "ರತ್ನಮ್ಮ?"

"ಆ ನೀರಲ್ಲಿ ತೊಳೆಯಲ್ಲ ಅಂದುಬಿಟ್ಟಳು. ಬೇರೆಯವರ ಕೈಲಿ ಮಾಡಿಸ್ತಿದ್ದಾರೆ."

"ಹೂಂ" ಎಂದು ಎದ್ದು, ಬುಟ್ಟಿಯನ್ನು ತೆಗೆದು ನನ್ನ ಕೈಗೇ ಕೊಟ್ಟರು. "ಇದನ್ನ ವಾಪಸ್ ತಗೊಂಡು ಹೋಗು. ದಾರೀಲಿ ಯಾರಿಗಾದ್ರೂ ಕೊಡು. ಡಯಾಲಿಸಿಸ್‌ನೋರಿಗೆ ಮಾತ್ರ ಕೊಡಬೇಡ. ಬಾಳೆಹಣ್ಣು, ಕಿತ್ತಳೆ ಅವರು ತಿನ್ನಂಗಿಲ್ಲ."

ಅಷ್ಟೇ. ಡಾಕ್ಟರಿಗೆ ಏನು ಹೇಳಲಿ ಎಂದು ಕೇಳಿದ್ದಕ್ಕೆ ಬಾಗಿಲವರೆಗೆ ಬಂದು ಬಸ್ಸಿನ ಹೊತ್ತು ಹೇಳಿದರು.

ಬುಟ್ಟಿಯನ್ನು ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಹೆಂಗಸರಿಗೆ ಕೊಟ್ಟೆ. ಅರಸೀಕೆರೆ ಮುಟ್ಟುವವರೆಗೂ ಆ ನಲ್ಲಿ ಕಣ್ಣ ಮುಂದೆ ತೊಟ್ಟಿಕ್ಕುತ್ತಲೇ ಇತ್ತು. ಮಂಜುನಾಥನಿಗೆ ಎಲ್ಲ ಹೇಳಿದೆ. "ನಂಗೂ ದಿನಾ ಅದನ್ನ ನೋಡಿ ನೋಡಿ ಅನ್ನ ಸೇರ್ತಿಲ್ಲ ಕಣಣ್ಣ" ಎಂದ. ಡಯಾಲಿಸಿಸ್ ಇಲ್ಲದ ಭಾನುವಾರ ಇಬ್ಬರೂ ಟೆರೇಸಿಗೆ ಹೋಗಿ ನಲ್ಲಿಯನ್ನು ತಿರುಚಿ ತೆಗೆದು, ಅಲ್ಲಿಗೆ ಮುಚ್ಚಳ ಬಿಗಿದೆವು. ಕೆಳಗಿಳಿದ ಮೇಲೆ ಸಿಸ್ಟರಿಗೆ ಫೋನ್ ಮಾಡಿದೆ. ಒಳ್ಳೆಯದು ಮಾಡಿದೆ ಎನ್ನುತ್ತಾರೆಂಬ ಆಸೆ.

"ನಲ್ಲಿ ತೆಗೆದು ಅದರ ತುಂಡು ಪೈಪನ್ನ ಹಂಗೇ ಬಿಟ್ಟಿದ್ದೀರಾ?"

"ಮುಚ್ಚಳ ಹಾಕಿದ್ದೀವಿ ಸಿಸ್ಟರ್. ಒಂದು ಹನಿ ಸೋರಲ್ಲ."

"ಥೂ! ಆ ತುಂಡಲ್ಲಿ ನೀರು ನಿಂತು ಕೊಳೆಯುತ್ತೆ ಕಣಪ್ಪ. ರೋಗಿ ರಕ್ತದ ಪಕ್ಕದಲ್ಲಿ ಹರಿಯೋ ನೀರು ಅದು. ಬುಡದಿಂದ ತೆಗೀರಿ, ಬುಡದಿಂದ." ಫೋನಿಟ್ಟರು. ನಾನು ಅವರ ದನಿ ಕೇಳಿದ್ದು ಅದೇ ಕೊನೆ.

ಸೋಮವಾರ ಪಾಳಿ ಶುರುವಾಗುವ ಮೊದಲೇ ಮತ್ತೆ ಟೆರೇಸಿಗೆ ಹೋದೆವು. ಆ ಜಾಯಿಂಟನ್ನೇ ಕೊಯ್ದು ತೆಗೆದು, ನೇರ ಪೈಪು ಕೂರಿಸಿ, ಎರಡೂ ಕಡೆ ಬಿಗಿಯುತ್ತಿದ್ದೆವು. ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಡಾಕ್ಟರು ಬಾಗಿಲಲ್ಲಿ ನಿಂತಿದ್ದರು.

"ಏನ್ರೀ ಮಾಡ್ತಿದ್ದೀರಿ ಅಲ್ಲಿ?"

ಮಂಜುನಾಥ ನನ್ನ ಮುಖ ನೋಡಿದ.

"ನಲ್ಲಿ ತೆಗೀತಿದ್ದೀವಿ ಸರ್" ಎಂದು ಹೇಳಿ, ನಾನು ಸ್ಪ್ಯಾನರನ್ನು ಇನ್ನೊಂದು ಸುತ್ತು ತಿರುಗಿಸಿದೆ.